ಟ್ರೊವಾಟೊ, ಬಿನ್ ಯಾರು?

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವಾಗ ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಅಮೆರಿಕದ ಕ್ಯಾಂಪ್‌ಬೆಲ್‌ನ ನಮ್ಮ ಬಾಗಿಲ ಪಕ್ಕ ಚಪ್ಪಲಿ ಗೂಡಿನ ಬದಲು, ಹಣ್ಣು ತುಂಬುವ ಹಳೆಯ ಮರದ ಪೆಟ್ಟಿಗೆಯೊಂದನ್ನು ಮಗ್ಗುಲಾಗಿ ಇಟ್ಟಿದ್ದೇವೆ. ಅದರ ಮೇಲೆ ಮಾಸಿದ ಕಪ್ಪು ಬಣ್ಣದ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ಟ್ರೊವಾಟೊ’ ಎಂದು ಬರೆದಿದೆ. ಪೂಜೆಗೆ ಬಂದಿದ್ದ ಸನ್ನಿವೇಲಿನ ಭಟ್ಟರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಓದಿ, ‘ಟೊಮ್ಯಾಟೊ ಅಂತ ಬರೆಯೋಕೆ ಹೋಗಿ ಸ್ಪೆಲಿಂಗು ತಪ್ಪಿದಾರೆ ನೋಡಿ. ಆ ಕಾಲದಲ್ಲಿ ಯಾರು ಅಷ್ಟು ಓದಿರ್ತಿದ್ರು’ ಎಂದು ಮರುಗಿದರು. ಅದು ಟೊಮ್ಯಾಟೊ ಅಲ್ಲ, ಪೆಟ್ಟಿಗೆ ಕೊಟ್ಟ ನಮ್ಮ ಬೀಗರ ಮನೆತನದ ಹೆಸರು, ಈಗ ನನ್ನ ಮಗಳ ಹೆಸರೂ ಹೌದು ಎಂದೆ. ಭಟ್ಟರು ತಕ್ಷಣ ಬಗ್ಗಿ, ಪೆಟ್ಟಿಗೆಯೊಳಗೆ ಇಟ್ಟಿದ್ದ ತಮ್ಮ ಚಪ್ಪಲಿಯನ್ನು ತೆಗೆದು ನೆಲದ ಮೇಲೆ ಬಿಟ್ಟರು.

ಭಟ್ಟರಿಗೆ ತೋಚಿದ್ದು ನಮಗೆ ತೋಚಿರಲಿಲ್ಲ. ಆ ಹೆಸರಿನ ವಿಷಯದಲ್ಲಿ ನಮಗೆ ತೋಚಬೇಕಾದದ್ದು ತೋಚಬೇಕಾದ ಹೊತ್ತಿಗೆ ಎಂದೂ ತೋಚಿಲ್ಲ. ಅದನ್ನು ನೋಡಿದಾಗೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ಹೆಸರಿನ ಕಥೆ ಹೇಳಬೇಕು. ಅದೊಂದು ಬೇರೆಯೇ ನಾಚಿಕೆ.

ನನ್ನ ಹೆಸರು ತಿಪ್ಪೇಸ್ವಾಮಿ. ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ನಮ್ಮ ಸೀಮೆಯಲ್ಲಿ ಸಂತೆಯಲ್ಲಿ ನಿಂತು ‘ತಿಪ್ಪಣ್ಣಾ’ ಎಂದು ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ಗುಡಿಯ ಸ್ವಾಮಿಯಿಂದ ಬಂದ ಹೆಸರು. ನನಗೆ ಮಾತ್ರ ನೇರವಾಗಿ ತಿಪ್ಪೆಯಿಂದಲೇ ಬಂದದ್ದು. ನನಗಿಂತ ಮೊದಲು ಹುಟ್ಟಿದ ಕೂಸುಗಳು ನಮ್ಮವ್ವನಿಗೆ ಉಳಿದಿರಲಿಲ್ಲ. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು, ‘ಈ ಕೂಸು ನಮಗೆ ಬ್ಯಾಡ’ ಎಂದು ಗಟ್ಟಿಯಾಗಿ ಹೇಳಿದಳಂತೆ. ಸಾವಿಗೆ ಕೇಳಿಸಲಿ ಎಂದು. ಮನೆಯವರಿಗೇ ಬೇಡವಾದದ್ದರ ಮೇಲೆ ಸಾವಿಗೂ ಆಸೆ ಹುಟ್ಟುವುದಿಲ್ಲ ಎಂಬುದು ಅವಳ ಲೆಕ್ಕ. ಪಕ್ಕದ ಮನೆಯ ಕರಿಬಸಮ್ಮ, ಮೊದಲೇ ಮಾತಾಡಿಕೊಂಡಿದ್ದ ಹಾಗೆ ಬಂದು, ‘ಯಾರದೋ ಕೂಸು ಬಿದ್ದೈತಲ್ಲ’ ಎಂದು ನನ್ನನ್ನು ಎತ್ತಿಕೊಂಡಳು. ಅಜ್ಜಿ ಅವಳಿಗೆ ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು.

ಈ ವ್ಯವಹಾರವನ್ನು ಕರಿಬಸಮ್ಮ ಸಾಯುವ ತನಕ ಮರೆಯಲಿಲ್ಲ, ಬೇರೆಯವರಿಗೆ ಮರೆಯಲೂ ಬಿಡಲಿಲ್ಲ. ನಾನು ಗೆಳೆಯರ ಜೊತೆ ಸ್ಕೂಲಿನಿಂದ ಬರುತ್ತಿದ್ದರೆ ಕಟ್ಟೆಯ ಮೇಲಿಂದ, ‘ಏ ತಿಪ್ಪಾ, ನಿನ್ನ ತೌಡಿಗೆ ಮಾರಿದೆನಲ್ಲೋ, ಬೆಲ್ಲಕ್ಕಾದ್ರೂ ಮಾರಬೇಕಿತ್ತು’ ಎಂದು ಕರೆದು, ಸೆರಗಿನಿಂದ ಮಂಡಕ್ಕಿ ತೆಗೆದು ನನ್ನ ಜೇಬಿಗೆ ಸುರಿಯುತ್ತಿದ್ದಳು. ಮಂಡಕ್ಕಿ ಇಷ್ಟ, ಮಾತು ಕಷ್ಟ. ಮರುದಿನ ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಅಮೆರಿಕಕ್ಕೆ ಬಂದಾಗ ಇನ್ನೊಂದು ಪೇಚಾಟ. ನಮಗೆ ಮನೆತನದ ಹೆಸರೆಂಬುದು ಇಲ್ಲವಲ್ಲ, ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ನಾವು. ಇಲ್ಲಿಯವರು ನನ್ನ ಹೆಸರನ್ನು ಎರಡು ತುಂಡು ಮಾಡಿ, ‘ತಿಪ್ಪೆ’ಯನ್ನು ಮೊದಲ ಹೆಸರು ಮಾಡಿದರು, ‘ಸ್ವಾಮಿ’ಯನ್ನು ಮನೆತನ ಮಾಡಿದರು. ಮೊದಲ ಆಫೀಸಿನಲ್ಲಿ ಒಬ್ಬಾಕೆ ಅದನ್ನು ‘ಟಿಪ್ಪಿ’ ಎಂದು ಓದಿ, ತಮ್ಮ ಮನೆಯ ನಾಯಿಯ ಹೆಸರೂ ಅದೇ ಎಂದು ಸಂತೋಷಪಟ್ಟಳು. ಅಂದಿನಿಂದ ನಾನು ಎಲ್ಲರಿಗೂ ಬರೀ ಸ್ವಾಮಿ. ಮಗಳು ಸಹನಾ ಹುಟ್ಟಿದಾಗ ಅವಳಿಗೂ ಅದೇ ಹೋಯಿತು. ಹೀಗೆ ನನ್ನ ಹೆಸರಿನ ಶುದ್ಧವಾದ ಅರ್ಧ ಮಾತ್ರ ನನ್ನ ಮಗಳ ಪಾಲಿಗೆ ಬಂತು. ಇನ್ನರ್ಧದ ಅರ್ಥವನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಇಲ್ಲಿಯವರು ಕೇಳಿದರೆ ಹೆದರಿಕೆಯಿಲ್ಲ, ಹೆದರಿಕೆ ನಮ್ಮವರದೇ. ಒಮ್ಮೆ ಕನ್ನಡ ಸಂಘದ ಯುಗಾದಿ ಊಟದ ದಿನ ಪಾರ್ಕಿಂಗ್ ಲಾಟಿನಲ್ಲಿ ನಮ್ಮೂರ ಕಡೆಯವನೊಬ್ಬ ‘ಲೇ ತಿಪ್ಪಾ’ ಎಂದು ಕೂಗಿದ. ನಾನು ಬೇರೆ ಯಾರನ್ನೋ ಕೂಗಿದನೇನೋ ಎಂಬಂತೆ ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಇದ್ದದ್ದು ಒಂದು ಕಂಬ.

ಇಂಥ ನನ್ನ ಮನೆಗೆ ಸಹನಾ ಒಂದು ದಿನ ಮಾರ್ಕೊ ಎಂಬ ಹುಡುಗನನ್ನು ಕರೆದುಕೊಂಡು ಬಂದಳು. ಅವಳು ಮಕ್ಕಳ ಡಾಕ್ಟರು, ಅವನು ಅದೇ ಆಸ್ಪತ್ರೆಯಲ್ಲಿ ನರ್ಸು. ಗಿಲ್‌ರಾಯ್‌ನವನು. ಪೂರ್ತಿ ಹೆಸರು ಮಾರ್ಕೊ ಟ್ರೊವಾಟೊ. ಇಟಲಿಯ ಸಿಸಿಲಿಯಿಂದ ಬಂದ ಮನೆತನ. ಹುಡುಗ ಮೆತ್ತಗಿನವನು, ನನ್ನ ಹೆಂಡತಿ ಗಿರಿಜಾ ಬಡಿಸಿದ್ದನ್ನೆಲ್ಲ ತಿಂದು ಇನ್ನೊಂದು ಹೋಳಿಗೆ ಕೇಳಿದ. ಅಲ್ಲಿಗೆ ಗಿರಿಜಾಳ ಮಟ್ಟಿಗೆ ವಿಷಯ ತೀರ್ಮಾನವಾಯಿತು.

ತೀರ್ಮಾನವಾಗದೆ ಉಳಿದದ್ದು ನಮ್ಮ ಭಾವನ ಮಟ್ಟಿಗೆ. ಗಿರಿಜಾಳ ಅಣ್ಣ ರುದ್ರಪ್ಪನವರು ಸಬ್‌ರಿಜಿಸ್ಟ್ರಾರ್ ಆಗಿ ರಿಟೈರಾದವರು. ಹೆಂಡತಿ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬಂದು ಇರುತ್ತಾರೆ. ನಮ್ಮ ಕಡೆಯ ಕಾಗದಪತ್ರಗಳಲ್ಲಿ ಒಬ್ಬನ ಹೆಸರು ಬರೆದು ‘ಬಿನ್’ ಎಂದು ಹಾಕಿ ತಂದೆಯ ಹೆಸರು ಬರೆಯುತ್ತಾರಲ್ಲ, ಭಾವ ಸರ್ವಿಸು ಪೂರ್ತಿ ಕೇಳಿದ್ದು ಅದೊಂದೇ ಪ್ರಶ್ನೆ: ಬಿನ್ ಯಾರು? ಮನೆಗೆ ಹಾಲು ಹಾಕುವವನನ್ನೂ ಹಾಗೇ ಕೇಳಿದವರು. ಇಲ್ಲಿ ಗ್ರೋಸರಿ ಅಂಗಡಿಯ ಪಂಜಾಬಿ ಹುಡುಗನನ್ನೂ ಕೇಳಿದ್ದರು. ಅವರಿಗೆ ಹುಡುಗ ಇಟಲಿಯವನು ಎಂಬುದರಲ್ಲಿ ತಕರಾರಿರಲಿಲ್ಲ. ‘ನಮ್ಮಂಗೇ ಹಿರಿಯರನ್ನ ಮನೇಲಿ ಇಟ್ಕೊಂಡು ನೋಡ್ತಾರಂತೆ, ಅಷ್ಟು ಸಾಕು’ ಎಂದಿದ್ದರು. ಆದರೆ ಮಾರ್ಕೊನನ್ನು ತಾತನ ಅಪ್ಪನ ಹೆಸರು ಕೇಳಿದಾಗ ಅವನು ‘ನೀನೊ’ ಎಂದ. ಅದಕ್ಕಿಂತ ಹಿಂದಿನವರು ಗೊತ್ತಿಲ್ಲ ಎಂದ. ಭಾವ ಎರಡು ದಿನ ಅದನ್ನೇ ಮೆಲುಕು ಹಾಕಿದರು. ‘ಮೂರು ತಲೆಗೇ ನಿಂತೋಯ್ತಲ್ಲ ಸ್ವಾಮಿ’ ಎಂದು ನನ್ನೆದುರು ಪೇಚಾಡಿದರು.

ಆ ಭಾನುವಾರ ಮಾರ್ಕೊನ ಮನೆಯವರು ಊಟಕ್ಕೆ ಕರೆದರು. ನಾವು ನಾಲ್ವರೂ ಒಂದೇ ಕಾರಿನಲ್ಲಿ ಹೊರಟೆವು. ಗಿಲ್‌ರಾಯ್ ಹತ್ತಿರವಾಗುತ್ತಿದ್ದ ಹಾಗೆ ಗಾಜು ಇಳಿಸಿದರೆ ಬೆಳ್ಳುಳ್ಳಿಯ ವಾಸನೆ, ಆ ಊರು ಹೆಸರಾದದ್ದೇ ಅದಕ್ಕೆ. ‘ಇಡೀ ಊರಿಗೇ ಒಗ್ಗರಣೆ ಹಾಕ್ಯಾರಲ್ಲ’ ಎಂದು ಭಾವ ಖುಷಿಯಾಗಿದ್ದರು. ದಾರಿಯಲ್ಲಿ ಔಟ್‌ಲೆಟ್ ಅಂಗಡಿಯಲ್ಲಿ ಇಳಿದು ಬಿಳಿ ಬೂಟು ಕೊಂಡು, ಅಲ್ಲೇ ಹಾಕಿಕೊಂಡರು. ನಾನು ಇದನ್ನೆಲ್ಲ ಹೇಳುತ್ತಿರುವುದು, ಆ ದಿನ ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ ಎಂದು ನಿಮಗೆ ತಿಳಿಯಲಿ ಎಂದು.

ಮನೆಯ ಮುಂದೆ ಒಂದು ಬಿಳಿ ಟ್ರಕ್ಕು ನಿಂತಿತ್ತು. ಮಾರ್ಕೊನ ಅಪ್ಪ ಫ್ರ್ಯಾಂಕ್ ಪ್ಲಂಬಿಂಗ್ ಕೆಲಸದವರು, ಸ್ವಂತ ವ್ಯಾಪಾರ. ಟ್ರಕ್ಕಿನ ಎರಡೂ ಕಡೆ ಕೆಂಪು ಅಕ್ಷರಗಳಲ್ಲಿ, ‘ಟ್ರೊವಾಟೊ ಅಂದರೆ ಸಿಕ್ಕಿತು! ಸೋರಿಕೆ ಎಲ್ಲೇ ಇರಲಿ, ಹುಡುಕುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಒಳಗೆ ಫ್ರ್ಯಾಂಕ್, ಅವರ ಹೆಂಡತಿ, ಮಾರ್ಕೊ, ಮತ್ತೆ ಮೇಜಿನ ತುದಿಯಲ್ಲಿ ಫ್ರ್ಯಾಂಕ್‌ರ ತಂದೆ ಕಾರ್ಮೆಲೊ. ತೊಂಬತ್ತು ದಾಟಿದ ಮುದುಕರು. ಒಂದು ಕಾಲಕ್ಕೆ ಜರ್ದಾಳು ಹಣ್ಣಿನ ತೋಟ ಇತ್ತಂತೆ, ಅದನ್ನು ಮಾರಿ ಸುಖವಾಗಿದ್ದರು. ಕೈ ನಡುಗುತ್ತಿತ್ತು, ಕಿವಿ ಚುರುಕಾಗಿತ್ತು.

ಊಟಕ್ಕೆ ಬದನೆಕಾಯಿಯನ್ನು ಟೊಮ್ಯಾಟೊ ಗೊಜ್ಜಿನಲ್ಲಿ ಬೇಯಿಸಿ ಮೇಲೆ ಚೀಸು ಹಾಕಿದ್ದರು. ‘ನಮ್ಮ ಎಣ್ಣೆಗಾಯಿಗೆ ಹತ್ರದ ಸಂಬಂಧ’ ಎಂದು ಭಾವ ಎರಡನೇ ಸಲ ಬಡಿಸಿಕೊಂಡರು. ಆಮೇಲೆ ಬಾಯಿ ಒರೆಸಿಕೊಂಡು, ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಫ್ರ್ಯಾಂಕ್‌ರನ್ನು ಕೇಳಿದರು, ಈ ಮನೆತನದ ಹೆಸರಿಗೆ ಅರ್ಥವೇನು ಎಂದು.

ಫ್ರ್ಯಾಂಕ್‌ಗೆ ಆ ಪ್ರಶ್ನೆ ಇಷ್ಟವಾಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಕೂತು, ಸಿಸಿಲಿಯಲ್ಲಿ ತಮ್ಮ ಪೂರ್ವಿಕನೊಬ್ಬ ಹೊಲ ಉಳುತ್ತಿದ್ದಾಗ ನೇಗಿಲಿಗೆ ಗಡಿಗೆ ತಾಗಿದ್ದು, ಗಡಿಗೆಯ ತುಂಬ ಬೆಳ್ಳಿ ನಾಣ್ಯ ಇದ್ದದ್ದು, ಊರವರು ಅವನನ್ನು ‘ಸಿಕ್ಕಿತು’ ಎಂದೇ ಕರೆಯತೊಡಗಿದ್ದು ಎಲ್ಲವನ್ನೂ ಹೇಳಿದರು. ನೂರು ಸಲ ಹೇಳಿದ ಕಥೆಯ ನುಣುಪು ಅದಕ್ಕಿತ್ತು. ಮಾರ್ಕೊ ಕೊನೆಯ ಸಾಲನ್ನು ಅಪ್ಪನ ಜೊತೆಗೇ ಹೇಳಿ ನಕ್ಕ. ಕಾರ್ಮೆಲೊ ಮಾತ್ರ ತಟ್ಟೆ ನೋಡುತ್ತಿದ್ದರು.

ಭಾವ ಯಾವ ಮಾತನ್ನೂ ದಾಖಲೆಯಿಲ್ಲದೆ ನಂಬುವವರಲ್ಲ. ಕಥೆ ನಡೆಯುತ್ತಿರುವಾಗಲೇ ಮೊಬೈಲ್ ತೆಗೆದು ಏನನ್ನೋ ಹುಡುಕಿ ಓದುತ್ತಿದ್ದರು. ಓದಿ ಮುಗಿಸಿ, ನನ್ನ ಕಡೆ ವಾಲಿ, ಪಿಸುಗುಟ್ಟುವ ಗೋಜಿಗೂ ಹೋಗದೆ, ಕನ್ನಡದಲ್ಲಿ ಹೇಳಿದರು: ‘ಬೆಳ್ಳಿನೂ ಇಲ್ಲ, ಗಡಿಗೆನೂ ಇಲ್ಲ ಸ್ವಾಮಿ. ಟ್ರೊವಾಟೊ ಅಂದ್ರೆ ಬಿಸಾಕಿ ಹೋದ ಕೂಸಿಗೆ ಇಡೋ ಹೆಸರಂತೆ. ಬಿನ್ ಯಾರು ಅಂತ್ಲೇ ಗೊತ್ತಿಲ್ಲದೋರು ಇವರು.’

ನಾನು ಮುಗುಳ್ನಕ್ಕೆ. ಮಾತು ತಮಾಷೆಯಾಗಿತ್ತೆಂದು ಅಲ್ಲ. ಭಾವ ನನ್ನ ಕಡೆ ವಾಲಿ ಏನು ಹೇಳಿದರೂ ಮುಗುಳ್ನಗುವುದು ಮದುವೆಯಾದ ದಿನದಿಂದ ನನಗೆ ರೂಢಿಯಾಗಿಬಿಟ್ಟಿದೆ. ಮೇಜಿನ ಕೆಳಗೆ ಗಿರಿಜಾ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಕಾರ್ಮೆಲೊ ತಲೆಯೆತ್ತಿ ಸಹನಾಳನ್ನು ಕೇಳಿದರು. ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

‘ನಿಮ್ಮ ಮಾವ ಏನಂದರಮ್ಮ? ನಮ್ಮ ಹೆಸರು ಕೇಳಿಸಿತು.’

ಸಹನಾ ನನ್ನನ್ನು ನೋಡಿದಳು. ಅವಳಿಗೆ ಕನ್ನಡ ಮಾತಾಡುವಾಗ ತಡವರಿಕೆ, ಆದರೆ ಕೇಳಿದ್ದು ಒಂದಕ್ಷರ ಬಿಡದೆ ಅರ್ಥವಾಗುತ್ತದೆ. ಏನಾದರೂ ಹೇಳಿ ಮಾತು ತೇಲಿಸುವುದಕ್ಕೆ ನನಗೊಂದು ಅವಕಾಶವಿತ್ತು. ಬದನೆಕಾಯಿ ಬಹಳ ಚೆನ್ನಾಗಿದೆಯಂತೆ ಎಂದಿದ್ದರೂ ಸಾಕಿತ್ತು. ನಾನು ಬದನೆಕಾಯಿಯನ್ನು ನೋಡುತ್ತ ಕುಳಿತೆ. ಅವಳು ಡಾಕ್ಟರು, ಕಹಿ ಸುದ್ದಿಯನ್ನು ಸುತ್ತಿ ಬಳಸಿ ಹೇಳಬಾರದೆಂದು ಕಲಿತವಳು. ಕಾರ್ಮೆಲೊ ಕಡೆ ತಿರುಗಿ, ಮೆಲ್ಲಗೆ, ಭಾವ ಹೇಳಿದ್ದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು.

ಕಾರ್ಮೆಲೊ ಫೋರ್ಕು ಕೆಳಗಿಟ್ಟರು. ‘ಅವರು ಹೇಳಿದ್ದು ಸರಿ’ ಎಂದರು.

ಫ್ರ್ಯಾಂಕ್ ಇನ್ನೂ ನಗುತ್ತಲೇ ಇದ್ದರು. ‘ಏನು ಸರಿ, ಪಪ್ಪಾ?’

‘ನನ್ನ ಅಜ್ಜನ ಅಪ್ಪ. ಮಠದ ಗೋಡೆಯಲ್ಲಿ ತಿರುಗುವ ಒಂದು ಮರದ ಗೂಡು ಇರುತ್ತಿತ್ತು. ಹೊರಗಿನಿಂದ ಕೂಸನ್ನು ಅದರಲ್ಲಿಟ್ಟು, ತಿರುಗಿಸಿ, ಗಂಟೆ ಬಾರಿಸಿ ಹೋಗಿಬಿಡೋದು. ಒಳಗಿನವರು ಎತ್ತಿಕೊಂಡು ಹೆಸರು ಬರೆಯೋದು. ಟ್ರೊವಾಟೊ. ಸಿಕ್ಕಿದವನು.’

‘ಬೆಳ್ಳಿ ನಾಣ್ಯ?’

‘ಆಗ ನೀನು ಚಿಕ್ಕವನು. ನಿಮ್ಮ ಮನೆಯ ಹೆಸರಿನ ಕಥೆ ಹೇಳಿ ಅಂತ ಸ್ಕೂಲಲ್ಲಿ ಕೇಳಿದ್ದರು. ನೀನು ಬಂದು ನನ್ನ ಕೇಳಿದೆ. ನಾನು ಏನೋ ಒಂದು ಹೇಳಿದೆ.’

ಆಮೇಲೆ ಮುದುಕರು ನಮ್ಮೆಲ್ಲರಿಗೂ ಹೇಳುವಂತೆ ಹೇಳಿದರು. ಸಿಸಿಲಿಯ ಅವರ ಊರಿನಲ್ಲಿ ಹುಡುಗನೊಬ್ಬ ಎದುರಾದರೆ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆ, ನೀನು ಯಾರವನು ಎಂದು. ಅವರ ತಂದೆ ನೀನೊ ಸ್ಯಾನ್ ಹೊಸೆಗೆ ಬಂದು ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದಾಗ ಅಲ್ಲಿಯೂ ಅದೇ ಸೀಮೆಯವರು ತುಂಬಿದ್ದರು. ಗೇಟಿನಲ್ಲಿ ಅವರು ಅದನ್ನೇ ಕೇಳಿ ನಗುತ್ತಿದ್ದರು. ಅಮೆರಿಕದವರಿಗೆ ಆ ಹೆಸರು ಬರೀ ಶಬ್ದ, ಅರ್ಥ ಗೊತ್ತಿದ್ದದ್ದು ನಮ್ಮವರಿಗೆ ಮಾತ್ರ ಎಂದರು ಕಾರ್ಮೆಲೊ. ಅದಕ್ಕೇ ನೀನೊ ಹೆಂಡತಿಯನ್ನು ಕರೆದುಕೊಂಡು ಗಿಲ್‌ರಾಯ್‌ಗೆ ಬಂದುಬಿಟ್ಟ. ಇಲ್ಲಿ ಪಕ್ಕದ ತೋಟದವರು ಪೋರ್ಚುಗೀಸರು, ಜಪಾನಿನವರು. ಇಲ್ಲಿ ಅವನು ತನ್ನ ಹೆಸರನ್ನು ಪ್ರತಿ ಹಣ್ಣಿನ ಪೆಟ್ಟಿಗೆಯ ಮೇಲೂ ದೊಡ್ಡದಾಗಿ ಬರೆಸಿದ.

ಕಂಬದ ಮುಂದೆ ನಿಂತು ಹಿಂದೆ ತಿರುಗಿ ನೋಡಿದ ನನಗೆ ಆ ಮಾತಿನಲ್ಲಿ ಹೊಸದೇನೂ ಇರಲಿಲ್ಲ.

ಫ್ರ್ಯಾಂಕ್ ಎದ್ದು ನಿಂತರು. ‘ಟ್ರಕ್ಕಿನ ಮೇಲೆ ಬರೆಸುವಾಗ ನಿಮ್ಮನ್ನ ಕರೆದುಕೊಂಡು ಹೋಗಿ ತೋರಿಸಿದೆ, ಪಪ್ಪಾ. ಚೆನ್ನಾಗಿದೆ ಅಂದಿರಿ. ಇಷ್ಟು ವರ್ಷ ಅದನ್ನ ಊರೆಲ್ಲ ಓಡಿಸಿದೆ. ಸ್ಯಾನ್ ಹೊಸೆಯ ಪ್ರತಿಯೊಬ್ಬ ಇಟಾಲಿಯನ್ ಮುದುಕನ ಮನೆಗೂ ಅದರಲ್ಲೇ ಹೋದೆ. ಅವರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ.’

ಫ್ರ್ಯಾಂಕ್ ಹೊರಗೆ ಹೋದರು. ಟ್ರಕ್ಕು ಹೊರಟ ಶಬ್ದ ಕೇಳಿಸಿತು. ಅವರ ಹೆಂಡತಿ ಕಾಫಿ ತಂದಿಟ್ಟರು, ಯಾರೂ ಕುಡಿಯಲಿಲ್ಲ. ಗಿರಿಜಾ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ಮುಚ್ಚಳ ತೆರೆಯದೆ ಮೇಜಿನ ಮೇಲೇ ಉಳಿಯಿತು. ನಾವು ಎದ್ದು ಬಂದೆವು.

ಕಾರು ಫ್ರೀವೇ ಸೇರಿತು. ಮೊದಲು ಮಾತಾಡಿದವರು ಭಾವ. ‘ನಾನು ಇರೋದನ್ನೇ ಹೇಳಿದ್ದು’ ಎಂದರು.

ಹಿಂದಿನ ಸೀಟಿನಿಂದ ಗಿರಿಜಾ ಅಂದಳು, ‘ಅಣ್ಣಾ, ಬದುಕೆಲ್ಲ ಬೇರೆಯೋರ ಅಪ್ಪನ ಹೆಸರು ಕೇಳಿದ್ದಾಯ್ತು. ಇನ್ನು ಸಾಕು ಮಾಡು.’

ಅವಳು ಅಣ್ಣನಿಗೆ ಹಾಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಕಿಟಕಿಯ ಕಡೆ ತಿರುಗಿದರು. ಸಹನಾಳ ಮುಖ ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

‘ಅವಳು ಹೇಳಬಾರದಿತ್ತು’ ಎಂದರು ಭಾವ ಕಿಟಕಿಗೇ.

‘ಅವ್ರು ನನ್ನ ಕೇಳಿದ್ರು, ಮಾವ. ಸುಳ್ಳು ಹೇಳ್ಬೇಕಿತ್ತಾ?’ ಎಂದಳು ಸಹನಾ. ಆಮೇಲೆ ನನಗೆ ಅಂದಳು, ‘ಮಾವ ಅಂದಿದ್ದು ಬೇರೆ. ಹಿ ಈಸ್ ಲೈಕ್ ದಟ್. ಆದ್ರೆ ಯೂ ಸ್ಮೈಲ್ಡ್, ಅಪ್ಪಾ.’

ರೂಢಿ ಎಂದು ನಿಮಗೆ ಹೇಳಿದೆನಲ್ಲ, ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಸಹನಾ ಫೋನು ಮಾಡುತ್ತಿದ್ದಳು, ಕೇಳಿದ್ದಕ್ಕೆಲ್ಲ ‘ಫೈನ್’ ಎನ್ನುತ್ತಿದ್ದಳು. ನಿಶ್ಚಿತಾರ್ಥದ ದಿನದ ಬಗ್ಗೆ ಕೇಳಿದರೆ, ‘ಈ ಟೈಮಲ್ಲಿ ಬೇಡ ಅಂತಿದಾನೆ ಮಾರ್ಕೊ’ ಎಂದಳು. ಫ್ರ್ಯಾಂಕ್ ಟ್ರಕ್ಕಿನ ಮೇಲಿದ್ದ ಅಕ್ಷರಗಳನ್ನು ತಾವೇ ಕೆರೆದು ತೆಗೆದಿದ್ದರಂತೆ. ಒಂದೇ ಮನೆಯಲ್ಲಿದ್ದರೂ ಅಪ್ಪನ ಜೊತೆ ಮಾತು ಬಿಟ್ಟಿದ್ದರಂತೆ. ಊಟದ ತಟ್ಟೆಯನ್ನು ಮುದುಕರ ಕೋಣೆಗೆ ತಾವೇ ಒಯ್ದು ಇಡುತ್ತಿದ್ದರು, ಇಟ್ಟು ಹಿಂದಿರುಗುತ್ತಿದ್ದರು.

‘ಫ್ರ್ಯಾಂಕ್‌ಗೆ ನಿಮ್ ಮೇಲೆ ಕೋಪ ಇಲ್ಲಪ್ಪಾ. ಅವ್ರ ಅಪ್ಪನ ಮೇಲೆ’ ಎಂದಳು ಸಹನಾ. ‘ದಟ್ಸ್ ವರ್ಸ್.’

ನಾನು ಫ್ರ್ಯಾಂಕ್‌ಗೆ ಮೆಸೇಜು ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಆಫೀಸಿನಲ್ಲಿ ಮೀಟಿಂಗಿನ ನಡುವೆ ಆ ಮೇಜು, ಮುದುಕರು ಕೆಳಗಿಟ್ಟ ಫೋರ್ಕು ನೆನಪಾಗಿ ಮುಖ ಕೆಂಪಗಾಗುತ್ತಿತ್ತು. ಕ್ಯಾಮೆರಾ ಆಫ್ ಮಾಡಿ ಕೂರುತ್ತಿದ್ದೆ. ನನಗಿಂತ ಭಾವ ಹೆಚ್ಚು ಬಾಡಿದ್ದರು. ಯಾರನ್ನೂ ಏನೂ ಕೇಳುವುದನ್ನು ಬಿಟ್ಟುಬಿಟ್ಟರು. ಗ್ರೋಸರಿ ಅಂಗಡಿಯ ಪಂಜಾಬಿ ಹುಡುಗನೇ, ಅಂಕಲ್‌ಗೆ ಮೈ ಸರಿಯಿಲ್ಲವೇ ಎಂದು ನನ್ನನ್ನು ಕೇಳಿದ.

ಭಾವ ಊರಿಗೆ ಹೊರಡುವ ದಿನ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಹಿತ್ತಲಿನ ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದವರು ಪೈಪು ಕೈಯಲ್ಲಿ ಹಿಡಿದೇ ನನ್ನನ್ನು ಕರೆದರು.

‘ಸ್ವಾಮಿ, ನಿನ್ನ ಹೆಸರಿನ ಅರ್ಥ ಆ ಮುದುಕರಿಗೆ ಗೊತ್ತೈತಾ?’

‘ಇಲ್ಲ.’

‘ಸಹನಂಗೆ?’

‘ಇಲ್ಲ.’

‘ನನಗೆ ಗೊತ್ತಿತ್ತು’ ಎಂದರು ಭಾವ. ‘ಹೆಣ್ಣು ಕೊಡೋಕೆ ಮುಂಚೆ ನಿಮ್ಮಪ್ಪನ್ನ ಕೇಳಿದ್ದೆ. ತಿಪ್ಪೆ ಮೇಲೆ ಹಾಕಿ ಎತ್ತಿದ ಕೂಸು ಅಂದ್ರು. ಹಂಗಾದ್ರೆ ಗಟ್ಟಿ ಆಯಸ್ಸಿನ ಹುಡುಗ, ಗಿರಿಜನ್ನ ಕೊಡಬೌದು ಅಂತ ನಾನೇ ಮನೇಲಿ ಹೇಳಿದೆ.’ ನೀರು ಗಿಡದ ಬುಡ ತುಂಬಿ ಅವರ ಬಿಳಿ ಬೂಟಿನ ಮೇಲೆ ಹರಿಯುತ್ತಿತ್ತು. ಅವರ ಗಮನವಿರಲಿಲ್ಲ. ‘ನಿನ್ನದಕ್ಕೆ ಒಂದು ನ್ಯಾಯ, ಆತನದಕ್ಕೆ ಒಂದು ನ್ಯಾಯ ಮಾಡಿದೆನಲ್ಲಪ್ಪ. ಗಿಲ್‌ರಾಯಿಗೆ ಹೋಗಾನ ನಡಿ. ನಾನೊಬ್ನೇ ಹೋಗಕ್ಕೆ ಮುಖ ಇಲ್ಲ.’

ಮುಂಚೆ ಹೇಳಿದರೆ ಬೇಡ ಎಂದಾರು ಎಂಬ ಹೆದರಿಕೆಯಿಂದ ಫೋನು ಮಾಡದೆಯೇ ಹೊರಟೆವು. ಮನೆಯ ಮುಂದಿನ ಟ್ರಕ್ಕು ಬರೀ ಬೆಳ್ಳಗಿತ್ತು. ಅಕ್ಷರ ಕೆರೆದ ಕಡೆ ಬಣ್ಣ ಎದ್ದಿತ್ತು. ಕಾರ್ಮೆಲೊ ಜಗಲಿಯಲ್ಲಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ನಮ್ಮನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಎದುರಿನ ಬೆಂಚು ತೋರಿಸಿ ಕೂರಿ ಎಂದರು. ಹವೆಯ ಮಾತಾಡಿದೆವು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತು ಹವೆಯ ಮಾತಿನ ನಡುವೆ ಎಲ್ಲಿ ಸೇರಿಸಬೇಕೋ ತಿಳಿಯದೆ ಒದ್ದಾಡುತ್ತಿದ್ದೆ.

ಅವರೇ ಕೇಳಿದರು. ‘ಆವತ್ತು ನಮ್ಮ ಹೆಸರಿನದೇ ಮಾತಾಯಿತು. ನಿಮ್ಮದನ್ನು ಯಾರೂ ಕೇಳಲಿಲ್ಲ. ಸ್ವಾಮಿ ಅಂದರೇನು?’

‘ಒಡೆಯ’ ಎಂದೆ. ಬಹಳ ವರ್ಷದಿಂದ ಹೇಳಿಕೊಂಡು ಬಂದ ಉತ್ತರ, ಬಾಯಿಗೆ ತಾನಾಗಿ ಬಂತು. ಭಾವ ನೆಲ ನೋಡುತ್ತಿದ್ದರು. ಬೇಕಾಗಿದ್ದರೆ ಅವರೇ ಹೇಳಬಹುದಿತ್ತು.

‘ಅದು ಅರ್ಧ ಹೆಸರು’ ಎಂದೆ. ಆಮೇಲೆ ಉಳಿದರ್ಧವನ್ನು ಹೇಳಿದೆ. ತಿಪ್ಪೆ ಎಂದರೇನು, ಮೊರ ಎಂದರೇನು, ಅಜ್ಜಿ ಏನು ಮಾಡಿದಳು, ಕರಿಬಸಮ್ಮ ಏನು ಮಾಡಿದಳು. ತೌಡಿಗೆ ಇಂಗ್ಲಿಷ್ ಮಾತು ಸಿಗದೆ ತಡವರಿಸಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಹನಾಗೆ ಈ ಕಥೆ ತಿಳಿದದ್ದು ನನ್ನಿಂದಲ್ಲ, ಆ ಮುದುಕರಿಂದ. ಅವಳು ಫೋನು ಮಾಡಿ, ‘ತೌಡು ಅಂದ್ರೆ ಬ್ರ್ಯಾನ್ ಅಂತೆ? ಮಫಿನ್‌ಗೆ ಹಾಕ್ತಾರಲ್ಲ, ಅದಾ?’ ಎಂದು ಕೇಳಿದಳು. ಸ್ವಂತ ಮಗಳು ಅಪ್ಪನ ಹೆಸರನ್ನು ಬೇರೆಯವರಿಂದ ಕಲಿತಳು ಎಂಬುದು ನನ್ನ ನಾಚಿಕೆಗಳಲ್ಲಿ ಚಿಕ್ಕದೇನಲ್ಲ.

ಜಗಲಿಯಲ್ಲಿ ಕಾರ್ಮೆಲೊ ಎಲ್ಲವನ್ನೂ ಕೇಳಿ, ‘ತಕ್ಷಣವೇ ವಾಪಸು ಎತ್ತಿಕೊಂಡರಾ ನಿಮ್ಮನ್ನು?’ ಎಂದರು.

‘ತಕ್ಷಣವೇ. ಅಜ್ಜಿ ಅಲ್ಲೇ ನಿಂತಿದ್ದಳು.’

‘ಅಲ್ಲೇ ನಿಂತಿದ್ದಳು’ ಎಂದು ಅವರು ನನ್ನ ಮಾತನ್ನೇ ಹೇಳಿಕೊಂಡರು. ‘ನಮ್ಮವನದು ಗಂಟೆ ಬಾರಿಸಿದ್ದಷ್ಟೇ ಗೊತ್ತು. ಆಮೇಲೆ ಆ ತಾಯಿ ಹೊರಟುಹೋದಳೋ, ಕೂಸನ್ನು ಒಳಗೆ ಎತ್ತಿಕೊಳ್ಳುವ ತನಕ ಎಲ್ಲಾದರೂ ಮರೆಯಲ್ಲಿ ನಿಂತಿದ್ದಳೋ. ನಿಂತೇ ಇದ್ದಳು ಅಂತ ನನ್ನ ಅಪ್ಪ ಅನ್ನುತ್ತಿದ್ದ. ಅವನಿಗೆ ಹೇಗೆ ಗೊತ್ತು? ಗೊತ್ತಿಲ್ಲ. ಆದರೂ ಅನ್ನುತ್ತಿದ್ದ.’

ನನ್ನನ್ನು ಉಳಿಸಿಕೊಳ್ಳಬೇಕೆಂದು ಒಂದು ಮನೆ, ಒಂದು ಕೇರಿ ಸೇರಿ ಸಾವಿನ ಮುಂದೆ ನಾಟಕ ಆಡಿತ್ತು. ಅದರ ಗುರುತಾಗಿ ಕೊಟ್ಟ ಹೆಸರನ್ನು ನಾನು ಪಾರ್ಕಿಂಗ್ ಲಾಟಿನಲ್ಲಿ ಕಂಬಕ್ಕೆ ದಾಟಿಸಿ ಬಂದಿದ್ದೆ. ತನ್ನ ಪೂರ್ವಿಕನಿಗಾಗಿ ಯಾರಾದರೂ ನಿಂತಿದ್ದರೋ ಇಲ್ಲವೋ ಗೊತ್ತಿಲ್ಲದ ಮನುಷ್ಯನೆದುರು ಕುಳಿತು ನನಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

ಭಾವನಿಗೆ ಆ ಇಂಗ್ಲಿಷು ಪೂರ್ತಿ ಅರ್ಥವಾಗಿತ್ತು. ಅವರು ಬೆಂಚಿನಿಂದ ಎದ್ದು, ಒಂದು ಹೆಜ್ಜೆ ಮುಂದೆ ಹೋಗಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ಬಗ್ಗಿದರು. ಒಂದು ಮಂಡಿ ನೆಲಕ್ಕೂರಿ ಎರಡೂ ಕೈಯಿಂದ ಕಾರ್ಮೆಲೊರ ಪಾದ ಮುಟ್ಟಿದರು.

ಮುದುಕರು ಗಾಬರಿಯಾಗಿ ಎರಡೂ ಕಾಲು ಮೇಲೆತ್ತಿದರು. ಕುರ್ಚಿಯ ಕೆಳಗೆ ಇಣುಕಿದರು. ‘ಏನು ಬಿತ್ತು? ಕನ್ನಡಕವೇ?’ ಎಂದು ನನ್ನನ್ನು ಕೇಳಿದರು.

ಭಾವ ತಲೆಯೆತ್ತಲಿಲ್ಲ. ‘ನೀನೇ ಹೇಳಪ್ಪ’ ಎಂದರು ನನಗೆ.

‘ಏನೂ ಬಿದ್ದಿಲ್ಲ’ ಎಂದೆ. ‘ನಮ್ಮಲ್ಲಿ ಹಿರಿಯರ ಕಾಲು ಮುಟ್ಟುತ್ತಾರೆ. ಅವರು ಕ್ಷಮೆ ಕೇಳುತ್ತಿದ್ದಾರೆ. ನಾನೂ ಕೇಳುತ್ತಿದ್ದೇನೆ. ಅವರು ಅಂದಾಗ ನಾನು ನಕ್ಕಿದ್ದೆ.’

‘ನೋಡಿದೆ’ ಎಂದರು ಕಾರ್ಮೆಲೊ. ಅಷ್ಟೇ ಅಂದರು. ಎತ್ತಿದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಭಾವನ ಕೈಗಳ ಪಕ್ಕಕ್ಕೆ ಮೆಲ್ಲಗೆ ಇಳಿಸಿದರು. ‘ಇವರನ್ನು ಎಬ್ಬಿಸಿ. ನನ್ನಿಂದ ಬಗ್ಗೋಕೆ ಆಗಲ್ಲ.’

ಎಬ್ಬಿಸುವುದು ಅಷ್ಟು ಸುಲಭವಿರಲಿಲ್ಲ. ಭಾವನ ಮಂಡಿ ಹಿಡಿದುಕೊಂಡಿತ್ತು. ನಾನು ಒಬ್ಬನೇ ಎತ್ತಲು ಹೋದರೆ ಅವರು ಇನ್ನಷ್ಟು ವಾಲಿದರು. ಆಗ ಜಾಲರಿ ಬಾಗಿಲು ಕಿರ್ರೆಂದಿತು. ಫ್ರ್ಯಾಂಕ್ ಎಷ್ಟು ಹೊತ್ತಿನಿಂದ ಅದರ ಹಿಂದೆ ನಿಂತಿದ್ದರೋ ನನಗೆ ಗೊತ್ತಿಲ್ಲ. ಹೊರಗೆ ಬಂದು, ಯಾರನ್ನೂ ನೋಡದೆ ಭಾವನ ಒಂದು ರಟ್ಟೆ ಹಿಡಿದರು. ಇನ್ನೊಂದನ್ನು ನಾನು ಹಿಡಿದೆ. ಫ್ರ್ಯಾಂಕ್ ಒಂದು, ಎರಡು ಎಂದು ಎಣಿಸಿದರು. ಮೂರಕ್ಕೆ ಎತ್ತಿ ನಿಲ್ಲಿಸಿದೆವು.

ಭಾವ ಏದುಸಿರು ಬಿಡುತ್ತ, ‘ಥ್ಯಾಂಕ್ಯೂ ಸರ್’ ಎಂದರು.

ಫ್ರ್ಯಾಂಕ್ ಅಪ್ಪನ ಕಡೆ ನೋಡಿದರು. ಆ ಮನೆಯಲ್ಲಿ ಇಷ್ಟು ದಿನದ ಮೇಲೆ ಮಗ ಅಪ್ಪನಿಗೆ ಆಡಿದ ಮೊದಲ ಮಾತು ಅದಿರಬೇಕು. ‘ನೀರು ಕಾಯಿಸೋ ಹೀಟರು ಇದಕ್ಕಿಂತ ಭಾರ, ಪಪ್ಪಾ’ ಎಂದರು.

ಕಾರ್ಮೆಲೊ ಕೈ ಚಾಚಿ ಮಗನ ತೋಳಿನ ಮೇಲೆ ಇಟ್ಟರು, ಫ್ರ್ಯಾಂಕ್ ಅದನ್ನು ಸರಿಸಲಿಲ್ಲ.

‘ಏನಂತಾರೆ?’ ಎಂದರು ಭಾವ ನನಗೆ. ಅಷ್ಟು ಹೊತ್ತಿಗೆ ಅವರ ಇಂಗ್ಲಿಷು ಕೈಕೊಟ್ಟಿತ್ತು. ನಾನು ಹೇಳಿದೆ. ಭಾವ ಸ್ವಲ್ಪ ಯೋಚಿಸಿದರು.

‘ಆವತ್ತು ಊಟ ಅರ್ಧಕ್ಕೇ ಎದ್ದೋದ್ವಿ ಅಂತ ಹೇಳು ಅವರಿಗೆ’ ಎಂದರು.

ನಾನು ಅದನ್ನೂ ಹೇಳಿದೆ. ಫ್ರ್ಯಾಂಕ್ ಜಾಲರಿ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದರು. ಭಾವ ಬಿಳಿ ಬೂಟು ಬಿಚ್ಚಿ ಹೊರಗಿಟ್ಟು ಒಳಗೆ ಹೋದರು. ನಾನು ಅವರ ಹಿಂದೆ, ತಲೆ ತಗ್ಗಿಸಿಕೊಂಡೇ, ಒಳಗೆ ಹೋದೆ.